ಹಳೆಯ ಅಮೆರಿಕನ್ ಪಿಕಪ್‌ಗಳ ಜೀರ್ಣೋದ್ಧಾರ ಮತ್ತು ಆಧುನೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಓಹಾಯೋದಲ್ಲಿರುವ ನನ್ನ ಮನೆಯ ಗ್ಯಾರೇಜಿನಲ್ಲಿ 1969ರ ಶೆವರ್ಲೆ ಸಿ10 ಪಿಕಪ್ ಒಂದಿದೆ. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಅದನ್ನು ಓಡಿಸಿಕೊಂಡು ಹೋದಾಗಲೆಲ್ಲ ಅದರ ಸುತ್ತ ನಾಲ್ಕು ಜನ ಸೇರುತ್ತಾರೆ, ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಅವೇ ಆಗಿರುತ್ತವೆ. ಊಟದ ಸಾಲಿನಲ್ಲಿ ನಿಂತು ಅರ್ಧಂಬರ್ಧ ಹೇಳಿದ ಉತ್ತರಗಳನ್ನು ಇಲ್ಲಿ ಸಾವಕಾಶವಾಗಿ, ಪೂರ್ತಿಯಾಗಿ ಬರೆದಿದ್ದೇನೆ.

‘ಹಳೆಯ ಪಿಕಪ್’ ಎಂದರೆ ಯಾವ ಗಾಡಿಗಳು?

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಂದ ವಿನ್ಯಾಸಗಳಿಂದ ಹಿಡಿದು 1987ರವರೆಗಿನ, ಅರ್ಧ ಟನ್ ಹೊರುವ ವರ್ಗದ ಅಮೆರಿಕನ್ ಪಿಕಪ್‌ಗಳನ್ನು ಈ ಹವ್ಯಾಸದವರು ಸಾಮಾನ್ಯವಾಗಿ ಈ ಹೆಸರಿನಿಂದ ಕರೆಯುತ್ತಾರೆ. ಶೆವರ್ಲೆಯಲ್ಲಿ 1947ರಿಂದ 1955ರ ಮೊದಲ ಭಾಗದವರೆಗೆ ಬಂದ ದುಂಡುಮೂಗಿನ 3100, 1955ರ ಎರಡನೆಯ ಭಾಗದಿಂದ 1959ರವರೆಗಿನ ಬಾಗುಗಾಜಿನ ಸರಣಿ, 1960ರಲ್ಲಿ ಸಿ10 ಎಂಬ ಹೆಸರು ಹುಟ್ಟಿದ ಮೇಲಿನ ಮಾದರಿಗಳು, 1967ರಿಂದ 1972ರ ಸರಣಿ, ಕೊನೆಗೆ ಎಲ್ಲರೂ ‘ಸ್ಕ್ವೇರ್‌ಬಾಡಿ’ ಎನ್ನುವ 1973ರಿಂದ 1987ರ ಚೌಕಾಕಾರದ ಗಾಡಿಗಳು, ಇವು ಒಂದು ಸಾಲು. ಫೋರ್ಡ್‌ನಲ್ಲಿ 1948ರ ಎಫ್-1, 1953ರಲ್ಲಿ ಆ ಕಂಪನಿಯ ಐವತ್ತನೆಯ ವರ್ಷಕ್ಕೆ ಬಂದ ಎಫ್-100 ಮತ್ತು ಅದರ ಮುಂದಿನ ಪೀಳಿಗೆಗಳು ಇನ್ನೊಂದು ಸಾಲು. ಡಾಡ್ಜ್ ಮತ್ತು ಇಂಟರ್‌ನ್ಯಾಷನಲ್ ಗಾಡಿಗಳೂ ಚೆಂದವೇ, ಆದರೆ ಅವುಗಳ ಬಿಡಿಭಾಗ ಹುಡುಕುವುದೇ ಒಂದು ಪ್ರತ್ಯೇಕ ವ್ರತ.

ರೆಸ್ಟೊರೇಷನ್, ರೆಸ್ಟೊಮಾಡ್, ಪಟಿನಾ: ಈ ಮೂರರ ನಡುವಿನ ವ್ಯತ್ಯಾಸವೇನು?

ರೆಸ್ಟೊರೇಷನ್ ಎಂದರೆ ಕಾರ್ಖಾನೆಯಿಂದ ಹೊರಬಂದ ದಿನ ಗಾಡಿ ಹೇಗಿತ್ತೋ ಹಾಗೆಯೇ, ಬಣ್ಣದ ಛಾಯೆಯಿಂದ ಬೋಲ್ಟಿನ ತಲೆಯವರೆಗೆ, ಮತ್ತೆ ಕಟ್ಟುವುದು. ರೆಸ್ಟೊಮಾಡ್‌ನಲ್ಲಿ ಹೊರಗಿನ ರೂಪ ಹಳೆಯದು, ಒಳಗಿನ ಯಂತ್ರ ಹೊಸದು. ಪಟಿನಾ ಎಂದರೆ ಬಿಸಿಲಿಗೆ ಮಾಸಿದ ಹಳೆಯ ಬಣ್ಣವನ್ನೂ ಬಾಗಿಲಿನ ಮೇಲೆ ಅಳಿಸಿಹೋಗುತ್ತಿರುವ ಯಾವುದೋ ಅಂಗಡಿಯ ಹೆಸರನ್ನೂ ಹಾಗೆಯೇ ಉಳಿಸಿಕೊಂಡು, ಅಡಿಯಲ್ಲಿ ಮಾತ್ರ ಎಲ್ಲವನ್ನೂ ಸರಿಪಡಿಸುವುದು.

ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ನಿಯಮ ಒಂದೇ: ಮಾಡಿದ ಬದಲಾವಣೆಯನ್ನು ಸ್ಪ್ಯಾನರ್ ಹಿಡಿದು ಹಿಂದಕ್ಕೆ ತರಲು ಸಾಧ್ಯವಿರಬೇಕು. ಬೋಲ್ಟು ಬಿಚ್ಚಿ ಹಾಕಿದ್ದನ್ನು ಮುಂದಿನ ಮಾಲೀಕರು ಮತ್ತೆ ಬಿಚ್ಚಬಹುದು. ಗ್ಯಾಸ್ ಕಟರ್‌ನಿಂದ ಕತ್ತರಿಸಿದ ಚಾಸಿಸ್ ಮರಳಿ ಬರುವುದಿಲ್ಲ. ಮುಂದಿನ ಉತ್ತರಗಳೆಲ್ಲ ಈ ನಿಯಮದ ನೆರಳಿನಲ್ಲೇ ಇವೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ಬಾರಿಗೆ ಕೈಹಾಕುವವರು ಯಾವ ಮಾದರಿಯನ್ನು ಆರಿಸಬೇಕು?

1967ರಿಂದ 1972ರ ಸಿ10 ಎಂದು ನಾನು ಹೇಳಿದರೆ ಅದರಲ್ಲಿ ಸ್ವಪಕ್ಷಪಾತವಿದೆ ಎಂದು ಒಪ್ಪುತ್ತೇನೆ, ಆದರೂ ಕಾರಣಗಳಿವೆ. ಬಾಗಿಲು, ನೆಲದ ತಗಡು, ರಬ್ಬರ್ ಪಟ್ಟಿಗಳಿಂದ ಹಿಡಿದು ಇಡೀ ಕ್ಯಾಬಿನ್ನಿನವರೆಗೆ ಹೊಸ ಭಾಗಗಳು ತಯಾರಾಗುತ್ತವೆ. ಮುಂದುಗಡೆ ಸ್ವತಂತ್ರ ಸಸ್ಪೆನ್ಷನ್ ಮೂಲದಲ್ಲೇ ಇದೆ. ಹಿಂದುಗಡೆ ಪಾಟಾದ ಬದಲು ಕಾಯಿಲ್ ಸ್ಪ್ರಿಂಗ್ ಮತ್ತು ಎರಡು ಉದ್ದನೆಯ ತೋಳುಗಳಿರುವ ವ್ಯವಸ್ಥೆ ಹೆಚ್ಚಿನ ಸಿ10ಗಳಲ್ಲಿದೆ. ಈ ತೋಳುಗಳ ವಿನ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ಅಮೆರಿಕದ ನಾಸ್ಕಾರ್ ಎಂಬ ಕಾರ್ ರೇಸಿನ ಮುಖ್ಯ ಸರಣಿಯ ಕಾರುಗಳು 2021ರವರೆಗೂ ಇದರ ಸಂತತಿಯನ್ನೇ ಬಳಸಿದವು.

ಈ ಆರು ವರ್ಷಗಳೊಳಗೂ ವ್ಯತ್ಯಾಸಗಳಿವೆ. 1968ರಿಂದ ಮಡ್ಗಾರ್ಡಿನ ಪಕ್ಕದಲ್ಲಿ ಸಣ್ಣ ದೀಪಗಳು ಬಂದವು. 1971ರಿಂದ ಮುಂದಿನ ಡಿಸ್ಕ್ ಬ್ರೇಕು ಮೂಲ ಸಲಕರಣೆಯಾಯಿತು, ಚಕ್ರಕ್ಕೆ ಆರು ಬೋಲ್ಟುಗಳ ಬದಲು ಐದಾದವು. 115 ಇಂಚಿನ ವ್ಹೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಣ ಅಂತರ) ಗಿಡ್ಡ ಗಾಡಿಗೆ ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು. ಅದೇ ಕಾರಣಕ್ಕೆ ಹಣ ಎಣಿಸಿ ಖರ್ಚು ಮಾಡುವವರು 127 ಇಂಚಿನ ಉದ್ದನೆಯದನ್ನು ಕೊಳ್ಳುವುದು ಜಾಣತನ. ಉದ್ದದ ಚಾಸಿಸ್ ಕತ್ತರಿಸಿ ಗಿಡ್ಡ ಮಾಡುವ ಕಿಟ್ಟುಗಳೂ ಸಿಗುತ್ತವೆ, ಆದರೆ ನನ್ನ ನಿಯಮವನ್ನು ಮೇಲೆಯೇ ಹೇಳಿದ್ದೇನೆ.

ದುಂಡುಮೂಗಿನ 3100 ನೋಡಲು ಎಲ್ಲಕ್ಕಿಂತ ಸುಂದರ. ಆದರೆ ಮುಂದೆ ಇಡಿಯಾದ ಆಕ್ಸಲ್, 6 ವೋಲ್ಟಿನ ವೈರಿಂಗ್, ಕಾಲಡಿಯ ನೆಲದ ಕೆಳಗಿರುವ ಬ್ರೇಕ್ ಮಾಸ್ಟರ್ ಸಿಲಿಂಡರ್, ಮುಚ್ಚಿದ ಕೊಳವೆಯೊಳಗೆ ತಿರುಗುವ ಪ್ರೊಪೆಲರ್ ಶಾಫ್ಟ್, ಹೀಗೆ ಪ್ರತಿಯೊಂದೂ ಹೊಸಬರಿಗೆ ಹೊಸ ಪಾಠ. 1953ರವರೆಗಿನ ಅದರ 216 ಘನ ಇಂಚಿನ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳಿಗೆ ಎಣ್ಣೆ ಒತ್ತಡದಿಂದ ಹೋಗುವುದಿಲ್ಲ. ರಾಡಿನ ತುದಿಯ ಸಣ್ಣ ಚಮಚದಂಥ ಭಾಗ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಬೇರಿಂಗು ಎರಕ ಹೊಯ್ಯುವ ಕುಶಲಿಗಳು ಈಗ ಕಡಿಮೆ.

ಕೊಳ್ಳುವ ಮೊದಲು ಎಲ್ಲಿ ನೋಡಬೇಕು?

ಎಂಜಿನ್ ಶಬ್ದ ಕೇಳುವ ಮೊದಲು ಕೆಳಗೆ ಮಲಗಿ ನೋಡಬೇಕು. ಎಂಜಿನ್ ಕೆಟ್ಟಿದ್ದರೆ ಬೇರೆಯದು ಸಿಗುತ್ತದೆ, ತುಕ್ಕು ತಿಂದ ಕ್ಯಾಬಿನ್ ಮಾತ್ರ ನಿಮ್ಮ ಎರಡು ವರ್ಷಗಳ ಭಾನುವಾರಗಳನ್ನು ತಿನ್ನುತ್ತದೆ. ಓಹಾಯೋ, ಮಿಷಿಗನ್‌ಗಳಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೀಗಾಗಿ ಇಲ್ಲಿನ ಗಾಡಿಗಳು ಕೆಳಗಿನಿಂದ ಕೊಳೆಯುತ್ತವೆ. ಅರಿಜೋನಾ, ನ್ಯೂ ಮೆಕ್ಸಿಕೋಗಳ ಗಾಡಿಗಳಲ್ಲಿ ತಗಡು ಗಟ್ಟಿಯಾಗಿರುತ್ತದೆ, ಬಿಸಿಲಿಗೆ ರಬ್ಬರು, ಡ್ಯಾಶ್‌ಬೋರ್ಡು, ಸೀಟು ಹುರಿದುಹೋಗಿರುತ್ತವೆ. ಆಯ್ಕೆ ಇದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ. ಸೀಟು ಹೊಲಿಸುವುದು ತಗಡು ಹೊಲಿಸುವುದಕ್ಕಿಂತ ಅಗ್ಗ.

ಸಿ10ನಲ್ಲಿ ತುಕ್ಕು ಅಡಗುವ ಜಾಗಗಳು ಬಹುತೇಕ ನಿಶ್ಚಿತ: ಕ್ಯಾಬಿನ್ ಹಿಂಭಾಗದ ಎರಡು ಕೆಳಮೂಲೆಗಳು, ಬಾಗಿಲಿನ ಕೆಳಗಿನ ಹೊಸ್ತಿಲು, ಕಾಲಿಡುವ ನೆಲ, ಮುಂದಿನ ಮಡ್ಗಾರ್ಡಿನ ಕೆಳತುದಿ, ಮಾಳಿಗೆಯ ಅಂಚಿನಲ್ಲಿ ಮಳೆನೀರು ಹರಿಯುವ ಸಣ್ಣ ಕಾಲುವೆ ಮತ್ತು ಮುಂಗಾಜಿನ ಕೆಳಗೆ ಗಾಳಿ ಒಳಬರುವ ಪೆಟ್ಟಿಗೆಯಂಥ ಭಾಗ. ಈ ಕೊನೆಯದರಲ್ಲಿ ಐವತ್ತು ವರ್ಷಗಳ ಒಣ ಎಲೆ ತುಂಬಿ, ನೆನೆದು, ಗೊಬ್ಬರವಾಗಿರುತ್ತದೆ. ಅಲ್ಲಿ ತೂತು ಬಿದ್ದಿದ್ದರೆ ಮಳೆಯಲ್ಲಿ ನೀರು ನೇರವಾಗಿ ನಿಮ್ಮ ಬೂಟಿನ ಮೇಲೆ ಇಳಿಯುತ್ತದೆ.

ಹೊಸದಾಗಿ ಬಣ್ಣ ಬಳಿದ ಗಾಡಿಯನ್ನು ಹೆಚ್ಚು ಅನುಮಾನದಿಂದ ನೋಡಿ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೂಲೆಗಳ ಮೇಲೆ ಜಾರಿಸಿದರೆ ತಗಡಿರುವಲ್ಲಿ ಹಿಡಿಯುತ್ತದೆ, ಪುಟ್ಟಿ ಮೆತ್ತಿದಲ್ಲಿ ಕೈಬಿಡುತ್ತದೆ. ಅಯಸ್ಕಾಂತವಿಲ್ಲದಿದ್ದರೆ, ಹಲಸಿನಹಣ್ಣನ್ನು ಬಡಿದು ನೋಡುವಂತೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡಬೇಕು. ತಗಡು ‘ಟಣ್’ ಎನ್ನುತ್ತದೆ, ಪುಟ್ಟಿ ‘ದಪ್’ ಎನ್ನುತ್ತದೆ. ನನ್ನ ಗಾಡಿಯ ಎಡಮೂಲೆ ‘ದಪ್’ ಎಂದಿತ್ತು. ಬಿಡಿಸಿ ನೋಡಿದರೆ ಪುಟ್ಟಿಯ ಹಿಂದೆ ಮಡಚಿದ ದಿನಪತ್ರಿಕೆ, ಅದರ ಹಿಂದೆ ಏನೂ ಇರಲಿಲ್ಲ.

ಕಾಗದಪತ್ರಗಳಲ್ಲಿ ಏನನ್ನು ಪರಿಶೀಲಿಸಬೇಕು?

ಗಾಡಿಯ ಮೇಲಿನ ಗುರುತುಸಂಖ್ಯೆಯೂ ಮಾಲೀಕತ್ವದ ಪತ್ರದಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಒಂದು ಅಂಕಿ ತಪ್ಪಿದ್ದರೂ ಹಣ ಕೊಡುವ ಮೊದಲೇ, ಮಾರುವವರ ಕೈಯಲ್ಲೇ ಅದನ್ನು ಸರಿಪಡಿಸಿಕೊಳ್ಳಿ. ಹದಿನೇಳು ಅಕ್ಷರಗಳ ಏಕರೂಪದ ಸಂಖ್ಯೆ ಅಮೆರಿಕದಲ್ಲಿ 1981ರ ಮಾದರಿಗಳಿಂದ ಬಂದದ್ದು, ಅದಕ್ಕೂ ಹಿಂದಿನವು ಚಿಕ್ಕವು. ನನ್ನ ಕಾಲದ ಸಿ10ನಲ್ಲಿ ಸಂಖ್ಯೆಯ ಎರಡನೆಯ ಅಕ್ಷರ ‘ಎಸ್’ ಆಗಿದ್ದರೆ ಆರು ಸಿಲಿಂಡರಿನ ಎಂಜಿನ್, ‘ಇ’ ಆಗಿದ್ದರೆ ಎಂಟು ಸಿಲಿಂಡರಿನ ವಿ8. ಆರು ಸಿಲಿಂಡರಿನ ಗಾಡಿಗೆ ವಿ8 ಕೂರಿಸಿ ‘ಮೂಲ ವಿ8’ ಎಂದು ಮಾರುವವರನ್ನು ಈ ಒಂದು ಅಕ್ಷರ ಹಿಡಿದುಕೊಡುತ್ತದೆ. ಗ್ಲವ್‌ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ ಕಾಗದ ಉಳಿದಿದ್ದರೆ ಅದನ್ನು ಜೋಪಾನ ಮಾಡಿ. ಕಾರ್ಖಾನೆಯಲ್ಲಿ ಆ ಗಾಡಿಗೆ ಹಾಕಿದ ಆಯ್ಕೆಯ ಸಲಕರಣೆಗಳ ಪಟ್ಟಿ ಅದರಲ್ಲಿರುತ್ತದೆ. ಸಂಖ್ಯೆಯ ಫಲಕವನ್ನು ಬಣ್ಣದ ಕೆಲಸಕ್ಕೆಂದು ಕಿತ್ತು ಇನ್ನೊಂದು ಕ್ಯಾಬಿನ್ನಿಗೆ ಹಚ್ಚುವುದು ಫೆಡರಲ್ ಕಾನೂನಿನ ಅಪರಾಧವಾಗಬಹುದು, ಅದನ್ನು ಮುಟ್ಟಬೇಡಿ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಬ್ರೇಕಿನಿಂದ. ಎಲ್ಲರೂ ಎಂಜಿನ್ನಿನಿಂದ ಆರಂಭಿಸುತ್ತಾರೆ, ಅದೇ ತಪ್ಪು. ನಿಲ್ಲುವುದು, ತಿರುಗುವುದು, ತಣ್ಣಗಿರುವುದು, ಆಮೇಲೆ ಓಡುವುದು: ನಾನು ಹೇಳುವ ಕ್ರಮ ಇದು. ಈ ಕ್ರಮದಲ್ಲಿ ಹೋದರೆ ಕೆಲಸದ ನಡುವೆ ಹಣವೋ ಉತ್ಸಾಹವೋ ಮುಗಿದರೂ ಸುರಕ್ಷಿತವಾಗಿ ಓಡುವ ಗಾಡಿಯೊಂದು ಕೈಯಲ್ಲಿ ಉಳಿಯುತ್ತದೆ. ತಿರುವುಮುರುವಾಗಿ ಹೋದವರ ಗ್ಯಾರೇಜಿನಲ್ಲಿ ಮುನ್ನೂರು ಅಶ್ವಶಕ್ತಿಯ ಎಂಜಿನ್ ಸ್ಟ್ಯಾಂಡಿನ ಮೇಲೆ ಹೊಳೆಯುತ್ತಿರುತ್ತದೆ, ಚಾಸಿಸ್ ಮಾತ್ರ ಇಟ್ಟಿಗೆಗಳ ಮೇಲೆಯೇ ಕುಳಿತಿರುತ್ತದೆ.

ಕಳಚುವಾಗ ಪ್ರತಿ ಭಾಗದ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಆಯಾ ಜಾಗದ ಹೆಸರು ಬರೆದ ಚೀಲದಲ್ಲಿ ಹಾಕಿಡಿ. ‘ನೆನಪಿರುತ್ತದೆ’ ಎಂಬ ಮಾತನ್ನು ನಂಬಬೇಡಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ನೀರು ಅಥವಾ ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕಿದ್ದರೆ ಸಾಲದೇ?

ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕು ಒಮ್ಮೆ ಚೆನ್ನಾಗಿಯೇ ನಿಲ್ಲಿಸುತ್ತದೆ. ತೊಂದರೆ ಬರುವುದು ಎರಡನೆಯ, ಮೂರನೆಯ ಬಾರಿಗೆ. ಇಳಿಜಾರಿನಲ್ಲಿ ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ನೀರಿನಲ್ಲಿ ನೆನೆದರೆ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದೆ. ಇಂದಿನ ಹೆದ್ದಾರಿಯಲ್ಲಿ ನಿಮ್ಮ ಮುಂದಿರುವ ಕಾರಿಗೆ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಬ್ರೇಕು ಇದೆ ಎಂಬುದನ್ನು ಮರೆಯಬಾರದು.

1967ರಿಂದ 1970ರ ಸಿ10ಗೆ 1971–72ರ ಗಾಡಿಯ ಡಿಸ್ಕ್ ಬ್ರೇಕಿನ ಭಾಗಗಳು ಬೋಲ್ಟು ಹಾಕಿದರೆ ಕೂರುತ್ತವೆ, ಏನನ್ನೂ ಕತ್ತರಿಸಬೇಕಿಲ್ಲ. ಆದರೆ ಮುಂದಿನ ಚಕ್ರಗಳು ಐದು ಬೋಲ್ಟಿನವಾಗುವುದರಿಂದ ಹಿಂದಿನವನ್ನೂ ಬದಲಿಸಬೇಕಾಗುತ್ತದೆ, ಇಲ್ಲವೇ ಆರು ಬೋಲ್ಟು ಉಳಿಸುವ ಕಿಟ್ಟನ್ನು ಕೊಳ್ಳಬೇಕಾಗುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವಲ್ಲಿ ಒತ್ತಡ ಹಂಚುವ ವಾಲ್ವ್ ಇಲ್ಲದೆ ಹೋದರೆ ಹಿಂಚಕ್ರಗಳು ಮೊದಲು ಕಚ್ಚಿಕೊಂಡು ಖಾಲಿ ಗಾಡಿ ಅಡ್ಡತಿರುಗುತ್ತದೆ. ಪಿಕಪ್‌ನ ಹಿಂಭಾಗ ಹಗುರವಾದ್ದರಿಂದ ಈ ಅಪಾಯ ಕಾರಿಗಿಂತ ಇಲ್ಲಿ ಹೆಚ್ಚು.

1966 ಮತ್ತು ಅದಕ್ಕೂ ಹಿಂದಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ರೇಕಿನ ಎಣ್ಣೆಗೆ ಒಂದೇ ಅಂಕಣವಿರುತ್ತದೆ. ಯಾವುದೇ ಒಂದು ಪೈಪು ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಬೇರೆ ಏನನ್ನೂ ಮಾಡದಿದ್ದರೂ ಎರಡು ಅಂಕಣಗಳ ಮಾಸ್ಟರ್ ಸಿಲಿಂಡರನ್ನು ಹಾಕಿಸಲೇಬೇಕು. 3100ರಂತೆ ಸಿಲಿಂಡರ್ ನೆಲದ ಕೆಳಗಿದ್ದರೆ, ಎಣ್ಣೆ ಡಿಸ್ಕಿನ ಕಡೆಯಿಂದ ಹಿಂದಕ್ಕೆ ಇಳಿದುಬರದಂತೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹಿಡಿದಿಡುವ ಸಣ್ಣ ವಾಲ್ವೂ ಬೇಕು. ಅದಿಲ್ಲದೆ ಪ್ರತಿ ಬಾರಿ ಪೆಡಲನ್ನು ಎರಡೆರಡು ಸಲ ತುಳಿಯಬೇಕಾಗುತ್ತದೆ.

ಮುಂದಿನ ಸಸ್ಪೆನ್ಷನ್ ಬದಲಿಸಬೇಕೇ?

ಸಿ10ಗೆ ಹೊಸ ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಮತ್ತು ಪವರ್ ಸ್ಟೀರಿಂಗ್ ಹಾಕಿ ಚಕ್ರಗಳ ಕೋನ ಸರಿಮಾಡಿಸಿದರೆ ಸಾಕು, ಹೆಚ್ಚಿನವರಿಗೆ ಅದರಾಚೆ ಬೇಕಾಗುವುದಿಲ್ಲ. 1953–56ರ ಎಫ್-100ಗೆ 2003ರ ನಂತರದ ಫೋರ್ಡ್ ಕ್ರೌನ್ ವಿಕ್ಟೋರಿಯಾದ ಅಲ್ಯುಮಿನಿಯಂ ಮುಂಭಾಗವನ್ನೂ, ಶೆವರ್ಲೆ 3100ಗೆ 1970ರ ದಶಕದ ಮಸ್ಟಾಂಗ್ 2ರ ಮಾದರಿಯ ಸಸ್ಪೆನ್ಷನ್ನನ್ನೂ ಕೂರಿಸುವುದು ರೂಢಿಯಾಗಿದೆ. ಓಡಿಸಲು ಅವು ನಿಜಕ್ಕೂ ಬೇರೆಯೇ ಗಾಡಿಗಳಾಗುತ್ತವೆ. ಆದರೆ ಚಾಸಿಸ್ಸಿಗೆ ವೆಲ್ಡಿಂಗ್ ಮಾಡುವ ಕೆಲಸವಾದ್ದರಿಂದ, ಅನುಭವಿ ವೆಲ್ಡರ್ ಇಲ್ಲದೆ ಇದಕ್ಕೆ ಕೈಹಾಕಬಾರದು. ಮುಂಚಕ್ರ ಹಿಡಿದ ಬೆಸುಗೆ ಹೆದ್ದಾರಿಯಲ್ಲಿ ಬಿಟ್ಟುಕೊಂಡರೆ ಎರಡನೆಯ ಅವಕಾಶವಿರುವುದಿಲ್ಲ.

ಮೂಲ ಎಂಜಿನ್ ಉಳಿಸಿಕೊಳ್ಳಬೇಕೇ, ಎಲ್‌ಎಸ್ ಹಾಕಬೇಕೇ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಎಲ್‌ಎಸ್ ಎನ್ನುವುದು 1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದ ಜನರಲ್ ಮೋಟರ್ಸ್‌ನ ವಿ8 ಎಂಜಿನ್ ಕುಟುಂಬ. ಅದರ ಕಬ್ಬಿಣದ ಬ್ಲಾಕಿನ 4.8, 5.3 ಮತ್ತು 6.0 ಲೀಟರಿನ ರೂಪಗಳು 1999ರಿಂದ ಪಿಕಪ್‌ಗಳಲ್ಲಿ ಲಕ್ಷಗಟ್ಟಲೆ ಬಂದವು, ಆದ್ದರಿಂದ ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ. ನನ್ನ ಗಾಡಿಯ 250 ಘನ ಇಂಚಿನ ಆರು ಸಿಲಿಂಡರಿಗೆ ಕಾಗದದ ಮೇಲೆ 155 ಅಶ್ವಶಕ್ತಿ, ಅದೂ 1972ಕ್ಕಿಂತ ಹಿಂದಿನ ಉದಾರ ಅಳತೆಯಲ್ಲಿ. ಸಾಮಾನ್ಯವಾದ 5.3 ಲೀಟರಿನ ಎಂಜಿನ್ನಿಗೆ ವರ್ಷಕ್ಕೆ ತಕ್ಕಂತೆ 270ರಿಂದ 295, ಚಳಿಯಲ್ಲಿ ಚೋಕ್ ಎಳೆಯದೆ ಒಂದೇ ತಿರುವಿಗೆ ಶುರುವಾಗುವುದು ಲಾಭ.

ಆದರೆ ಎಂಜಿನ್ನಿನ ಬೆಲೆಯೊಂದನ್ನೇ ನೋಡಿ ಮರುಳಾಗಬೇಡಿ. ಹಳೆಯ ಕಾರ್ಬೊರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕು, ಎಲ್‌ಎಸ್‌ನ ಇಂಜೆಕ್ಟರುಗಳಿಗೆ 58 ಬೇಕು. ಅಂದರೆ ಟ್ಯಾಂಕಿನೊಳಗೆ ಪಂಪು, ಹೊಸ ಪೈಪು, ಹೊಸ ಫಿಲ್ಟರ್. ಎಂಜಿನ್ನಿನ ಕೆಳಗಿನ ಎಣ್ಣೆತಟ್ಟೆ ಅಡ್ಡಪಟ್ಟಿಗೆ ತಾಗುವುದರಿಂದ ಬೇರೆ ತಟ್ಟೆ, ಮೌಂಟುಗಳಿಗೆ ಅಡಾಪ್ಟರ್, ಪ್ರತ್ಯೇಕ ವೈರಿಂಗ್ ಮತ್ತು ಕಂಪ್ಯೂಟರ್, ದೊಡ್ಡ ರೇಡಿಯೇಟರ್, ಸೈಲೆನ್ಸರ್ ಪೈಪುಗಳು, ಹೊಸ ಗೇರ್‌ಬಾಕ್ಸ್ ಹಿಡಿದುಕೊಳ್ಳುವ ಪಟ್ಟಿ. ಈ ಚಿಲ್ಲರೆ ಸಾಮಾನುಗಳ ಮೊತ್ತ ಎಂಜಿನ್ನಿನ ಬೆಲೆಯನ್ನು ಮೀರುವುದು ಮಾಮೂಲು. ಇಷ್ಟಾದರೂ ಇದೆಲ್ಲ ಬೋಲ್ಟಿನ ಕೆಲಸ, ಹಿಂದಕ್ಕೆ ತರಬಹುದಾದದ್ದು. ಆದ್ದರಿಂದ ನನ್ನ ತಕರಾರಿಲ್ಲ. ತೆಗೆದ ಎಂಜಿನ್ನಿಗೆ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಮೂಲೆಯಲ್ಲಿಡಿ. ಗುಜರಿಗೆ ಹಾಕಬೇಡಿ.

ನಾನು ಮಾತ್ರ ಆರು ಸಿಲಿಂಡರನ್ನೇ ಉಳಿಸಿಕೊಂಡೆ. ಬಾನೆಟ್ ಎತ್ತಿದರೆ ಎರಡೂ ಪಕ್ಕದಲ್ಲಿ ನೆಲ ಕಾಣುವಷ್ಟು ಜಾಗ, ಪ್ಲಗ್ ಬದಲಿಸಲು ಹತ್ತು ನಿಮಿಷ. ಈ ಸುಖ ಹೊಸ ಎಂಜಿನ್ನಿನಲ್ಲಿಲ್ಲ.

ಇಂದಿನ ಪೆಟ್ರೋಲ್ ಮತ್ತು ಎಣ್ಣೆ ಹಳೆಯ ಎಂಜಿನ್ನಿಗೆ ಹೊಂದುತ್ತವೆಯೇ?

ಅಮೆರಿಕದ ರಸ್ತೆಗಳಲ್ಲಿ ಸೀಸ ಬೆರೆಸಿದ ಪೆಟ್ರೋಲ್ 1996ರ ಜನವರಿ 1ರಿಂದ ನಿಷಿದ್ಧವಾಯಿತು. ಸೀಸವು ಎಕ್ಸಾಸ್ಟ್ ವಾಲ್ವಿನ ಪೀಠಕ್ಕೆ ರಕ್ಷಣೆಯ ಪದರದಂತಿತ್ತು. ಭಾರ ಎಳೆಯುವ, ಹೆಚ್ಚು ವೇಗದಲ್ಲಿ ಓಡುವ ಹಳೆಯ ಎಂಜಿನ್ನಿಗೆ ಗಡುಸು ಪೀಠಗಳು ಬೇಕು. ಭಾನುವಾರ ಮಾತ್ರ ಓಡುವ ಗಾಡಿಗೆ ಅವಸರವಿಲ್ಲ, ಹೆಡ್ ಬಿಚ್ಚುವ ಸಂದರ್ಭ ಬಂದಾಗ ಹಾಕಿಸಿದರಾಯಿತು. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಿ ಬಿರಿಯುತ್ತವೆ, ಅವನ್ನು ಮೊದಲ ದಿನವೇ ಬದಲಿಸಿ. ಎಂಜಿನ್ ಎಣ್ಣೆಯಲ್ಲಿ ಸತುವಿನ ಅಂಶ ಸಾಕಷ್ಟಿರಲಿ. ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಹೊಸ ಎಣ್ಣೆಗಳಲ್ಲಿ ಅದನ್ನು ತಗ್ಗಿಸಿದ್ದಾರೆ, ಹಳೆಯ ಕ್ಯಾಮ್‌ಶಾಫ್ಟಿಗೆ ಅದು ಬೇಕೇ ಬೇಕು.

ಹೆದ್ದಾರಿಯಲ್ಲಿ ಎಂಜಿನ್ ಚೀರುತ್ತದೆ. ಏನು ಮಾಡಬೇಕು?

ಎಂಜಿನ್ನಿನ ತಪ್ಪಲ್ಲ, ಗೇರಿನ ಲೆಕ್ಕ. 28 ಇಂಚು ವ್ಯಾಸದ ಟೈರು, ಹಿಂದಿನ ಆಕ್ಸಲಿನಲ್ಲಿ 4.11ರ ಅನುಪಾತ, ಮೇಲಿನ ಗೇರು ನೇರ 1:1 ಇದ್ದರೆ ಗಂಟೆಗೆ 70 ಮೈಲಿಯ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,450 ಸುತ್ತು ಹಾಕುತ್ತದೆ. ಈ ಗಾಡಿಗಳನ್ನು ಕಟ್ಟಿದ್ದು ಹೊಲದಿಂದ ಮಂಡಿಗೆ ಮೂಟೆ ಸಾಗಿಸಲು, ಅಂತರರಾಜ್ಯ ಹೆದ್ದಾರಿಯ ಓಟಕ್ಕಲ್ಲ. 1982ರಲ್ಲಿ ಬಂದ 700ಆರ್4ನಂಥ, 0.70ರ ಓವರ್‌ಡ್ರೈವ್ (ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವ ಮೇಲಿನ ಗೇರು) ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿದರೆ ಅದೇ ವೇಗದಲ್ಲಿ ಸುತ್ತು ಸುಮಾರು 2,400ಕ್ಕೆ ಇಳಿಯುತ್ತದೆ. ಕ್ಲಚ್ಚೇ ಬೇಕೆನ್ನುವವರಿಗೆ ಐದು ಗೇರಿನ ಪೆಟ್ಟಿಗೆಗಳಿವೆ. ಆಕ್ಸಲಿನ ಅನುಪಾತವನ್ನಷ್ಟೇ ಇಳಿಸುವುದು ಅಗ್ಗದ ದಾರಿ, ಆದರೆ ಸಣ್ಣ ಎಂಜಿನ್ನಿಗೆ ಏರು ಹತ್ತುವಾಗ ಉಸಿರು ಕಟ್ಟುತ್ತದೆ.

6 ವೋಲ್ಟಿನಿಂದ 12ಕ್ಕೆ ಹೋಗಬೇಕೇ?

ಎಸಿ, ಇಂಜೆಕ್ಷನ್, ಎಲೆಕ್ಟ್ರಿಕ್ ಫ್ಯಾನು ಬೇಕಿದ್ದರೆ ಹೋಗಲೇಬೇಕು. ಇಲ್ಲವಾದರೆ ಅಗತ್ಯವಿಲ್ಲ. 6 ವೋಲ್ಟ್ ಕೆಟ್ಟದ್ದೆಂಬ ಹೆಸರು ಬಂದಿರುವುದು ಬಹುಪಾಲು ತೆಳ್ಳನೆಯ ಬ್ಯಾಟರಿ ಕೇಬಲಿನಿಂದ. ಅಷ್ಟೇ ಕೆಲಸಕ್ಕೆ ಎರಡು ಪಟ್ಟು ಕರೆಂಟು ಹರಿಯಬೇಕಾದ್ದರಿಂದ ದಪ್ಪ ಕೇಬಲ್ ಹಾಕಿ, ಅರ್ಥಿಂಗ್ ಜಾಗಗಳನ್ನು ಉಜ್ಜಿ ಬೆಳ್ಳಗೆ ಮಾಡಿದರೆ ಅದು ನೆಟ್ಟಗೆ ಕೆಲಸ ಮಾಡುತ್ತದೆ. ಎಚ್ಚರಿಕೆಯ ಒಂದು ಮಾತು: 1955ರವರೆಗಿನ ಫೋರ್ಡ್ ಪಿಕಪ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಸ್ಸಿಗೆ ಹೋಗುತ್ತದೆ. ಅಭ್ಯಾಸಬಲದಿಂದ ತಿರುಗಾಮುರುಗಾ ಜೋಡಿಸಬೇಡಿ. ಯಾವ ವೋಲ್ಟಾದರೂ ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಪೂರ್ತಿ ಕಿತ್ತು ಹೊಸದು ಹಾಕಿ, ತೇಪೆ ಹಚ್ಚಬೇಡಿ.

ತುಕ್ಕು ಮತ್ತು ಹಳೆಯ ಬಣ್ಣವನ್ನು ತೆಗೆಯುವ ಸರಿಯಾದ ವಿಧಾನ ಯಾವುದು?

ಚಾಸಿಸ್, ಆಕ್ಸಲ್, ಬ್ರಾಕೆಟ್ಟುಗಳಂಥ ದಪ್ಪ ಕಬ್ಬಿಣಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ ಒಳ್ಳೆಯದು. ಬಾನೆಟ್, ಮಾಳಿಗೆ, ಬಾಗಿಲಿನಂಥ ಅಗಲವಾದ ತೆಳುತಗಡಿಗೆ ಅದು ಶತ್ರು. ನಾನಿದನ್ನು ಹಣ ಕೊಟ್ಟು ಕಲಿತೆ. ಬಾನೆಟನ್ನು ಒಂದು ಕಾರ್ಯಾಗಾರಕ್ಕೆ ಕೊಟ್ಟು ಬಂದೆ, ಅವರು ಹೆಚ್ಚಿನ ಒತ್ತಡದಲ್ಲಿ ಒಂದೇ ಜಾಗಕ್ಕೆ ಹೊಡೆದಿದ್ದರು. ಮರಳಿ ಬಂದ ಬಾನೆಟ್ ಬೂದುಬಣ್ಣದಲ್ಲಿ ಮದುಮಗಳಂತೆ ಕಾಣುತ್ತಿತ್ತು. ಅಂಗೈ ಇಟ್ಟು ಒತ್ತಿದರೆ ಮಾತ್ರ ಎಣ್ಣೆಡಬ್ಬಿಯ ತಳದಂತೆ ‘ಡಬಕ್’ ಎಂದು ಒಳಹೋಗಿ, ಕೈ ತೆಗೆದರೆ ಮೇಲೇಳುತ್ತಿತ್ತು. ಮರಳಿನ ಹೊಡೆತಕ್ಕೆ ಒಂದು ಮಗ್ಗುಲಿನ ಲೋಹ ಹಿಗ್ಗಿತ್ತು. ಟಿಂಕರಿಂಗ್ ಬಲ್ಲ ಹಿರಿಯರೊಬ್ಬರು ಕಾಯಿಸಿ, ಕುಗ್ಗಿಸಿ ನೋಡಿ, ಕೊನೆಗೆ ಬೇರೆ ಬಾನೆಟ್ ಹುಡುಕಿಕೋ ಎಂದರು.

ಅಗಲ ತಗಡಿಗೆ ರಾಸಾಯನಿಕ ಅಥವಾ ನಿಧಾನದ ಸ್ಯಾಂಡಿಂಗ್ ಸರಿ. ಮೆಥಿಲೀನ್ ಕ್ಲೋರೈಡ್ ಇರುವ ಬಣ್ಣ ತೆಗೆಯುವ ದ್ರವವನ್ನು ಮನೆಬಳಕೆಗೆ ಮಾರುವುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ನಿಷೇಧಿಸಿತು. ಹಳೆಯ ಡಬ್ಬಿ ಮನೆಯಲ್ಲಿದ್ದರೂ ಮುಚ್ಚಿದ ಗ್ಯಾರೇಜಿನಲ್ಲಿ ತೆರೆಯಬೇಡಿ. ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಜೋಡಿಸಿ ತುಕ್ಕು ಬಿಡಿಸುವ ವಿಧಾನ ಅಗ್ಗ, ಪರಿಣಾಮಕಾರಿ. ಪಾಸಿಟಿವ್ ತುದಿಗೆ ಮಾಮೂಲಿ ಕಬ್ಬಿಣವನ್ನೇ ಕಟ್ಟಬೇಕು. ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಉಜ್ಜಬಾರದು. ಬರಿಮೈಯಾದ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು, ಒಂದೇ ರಾತ್ರಿಯ ತೇವಕ್ಕೆ ಅದು ಕೆಂಪಾಗುತ್ತದೆ.

ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆಯೇ ಇದೆ ಎನ್ನುತ್ತಾರೆ, ಅದು ಅಪಾಯವಲ್ಲವೇ?

1972ರವರೆಗಿನ ಸಿ10ನಲ್ಲಿ ಟ್ಯಾಂಕ್ ಇರುವುದು ಕ್ಯಾಬಿನ್ನಿನೊಳಗೆ, ಬೆನ್ನ ಹಿಂದೆಯೇ. ಸುಸ್ಥಿತಿಯಲ್ಲಿದ್ದರೆ ಸೋರದು, ಆದರೆ ಹಳೆಯ ರಬ್ಬರಿನ ಕತ್ತು ಬಿರಿದರೆ ಕ್ಯಾಬಿನ್ ತುಂಬ ವಾಸನೆ ಹಿಡಿಯುತ್ತದೆ. ಟ್ಯಾಂಕನ್ನು ಸರಕು ತುಂಬುವ ಹಿಂದಿನ ಡಬ್ಬಿಯ ಕೆಳಗೆ, ಚಾಸಿಸ್ಸಿನ ಎರಡು ಹಳಿಗಳ ನಡುವೆ ಕೂರಿಸುವ ಕಿಟ್ಟು ನಾನು ಹಾಕಿಸಿದ ಬದಲಾವಣೆಗಳಲ್ಲೇ ಹೆಚ್ಚು ನೆಮ್ಮದಿ ಕೊಟ್ಟದ್ದು. ಸೀಟನ್ನು ಹಿಂದಕ್ಕೆ ಸರಿಸಲು ಜಾಗವೂ ಸಿಕ್ಕಿತು. 1973ರಿಂದ 1987ರ ಗಾಡಿಗಳಲ್ಲಿ ಟ್ಯಾಂಕು ಹಳಿಗಳ ಹೊರಗೆ, ಪಕ್ಕಕ್ಕೆ ಹೋಯಿತು. ಪಕ್ಕದಿಂದ ಡಿಕ್ಕಿಯಾದಾಗ ಬೆಂಕಿ ಹತ್ತುವ ದೂರುಗಳು ಬಂದು, ಆ ವಿವಾದ 1994ರಲ್ಲಿ ಕಂಪನಿ ಮತ್ತು ಅಮೆರಿಕದ ಸಾರಿಗೆ ಇಲಾಖೆಯ ನಡುವಿನ ಒಪ್ಪಂದದಲ್ಲಿ ಮುಗಿಯಿತು. ಆ ಗಾಡಿಗಳಲ್ಲೂ ಟ್ಯಾಂಕನ್ನು ನಡುವಿಗೆ ತರುವುದು ಒಳ್ಳೆಯದು.

ಎಸಿ ಹಾಕಿಸಬಹುದೇ?

ಧಾರಾಳವಾಗಿ. ಡ್ಯಾಶ್‌ಬೋರ್ಡಿನ ಹಿಂದೆ ಅಡಗುವ ಕಿಟ್ಟುಗಳಿವೆ. ಮೊದಲು ಬಾಗಿಲಿನ ರಬ್ಬರು ಬದಲಿಸಿ, ಮಾಳಿಗೆಗೂ ನೆಲಕ್ಕೂ ಶಾಖ ತಡೆಯುವ ಹಾಳೆ ಹಾಸಿ. ಇಲ್ಲದಿದ್ದರೆ ತಂಪು ಊರಿಗೆಲ್ಲ ಹಂಚಿದಂತಾಗುತ್ತದೆ.

ಎಲೆಕ್ಟ್ರಿಕ್ ಮಾಡಿಸುವುದು ಕಾರ್ಯಸಾಧ್ಯವೇ?

ಸಾಧ್ಯವೆಂದು ಕಂಪನಿಗಳೇ ತೋರಿಸಿವೆ. ಶೆವರ್ಲೆ 2019ರಲ್ಲಿ 1962ರ ಸಿ10 ಒಂದಕ್ಕೆ ಎರಡು ಮೋಟಾರು ಕೂರಿಸಿ ಪ್ರದರ್ಶಿಸಿತು. ಫೋರ್ಡ್ 2021ರಲ್ಲಿ 1978ರ ಎಫ್-100ಗೆ ಮಸ್ಟಾಂಗ್ ಮಾಕ್-ಇಯ ಎರಡು ಮೋಟಾರುಗಳನ್ನು ಹಾಕಿ 480 ಅಶ್ವಶಕ್ತಿಯ ಗಾಡಿ ಮಾಡಿತು, 281 ಅಶ್ವಶಕ್ತಿಯ ಒಂಟಿ ಮೋಟಾರನ್ನು ಬಿಡಿಯಾಗಿ 3,900 ಡಾಲರಿಗೆ ಮಾರಾಟಕ್ಕೂ ಇಟ್ಟಿತು. ಆ ಬೆಲೆಯಲ್ಲಿ ಬ್ಯಾಟರಿಯೂ ಇಲ್ಲ, ನಿಯಂತ್ರಕವೂ ಇಲ್ಲ ಎಂಬುದನ್ನು ಸುದ್ದಿ ಓದಿದ ಅನೇಕರು ಗಮನಿಸಲಿಲ್ಲ. ಖರ್ಚಿನ ದೊಡ್ಡ ಪಾಲು ಬ್ಯಾಟರಿಯದೇ. ಊರೊಳಗಿನ ಓಡಾಟಕ್ಕೆ ಚೆನ್ನ, ಆದರೆ ಅಧಿಕ ವೋಲ್ಟಿನ ಕೆಲಸವಾದ್ದರಿಂದ ಇದು ಮನೆಯ ಗ್ಯಾರೇಜಿನಲ್ಲಿ ಕಲಿಯುವ ವಿದ್ಯೆಯಲ್ಲ.

ಎಷ್ಟು ಹಣ, ಎಷ್ಟು ಸಮಯ ಬೇಕು?

ಒಂದು ಅಂಕಿ ಹೇಳಿದರೆ ಅದು ಸುಳ್ಳಾಗುತ್ತದೆ, ಅನುಪಾತ ಹೇಳಬಹುದು. ನನ್ನ ಲೆಕ್ಕದ ಪುಸ್ತಕದಲ್ಲಿ ತಗಡು ಮತ್ತು ಬಣ್ಣದ ಕೆಲಸವೇ ಅರ್ಧದ ಹತ್ತಿರ ಬಂದಿದೆ. ಬ್ರೇಕು, ಸ್ಟೀರಿಂಗ್, ಸಸ್ಪೆನ್ಷನ್ ಸೇರಿ ಅದರ ಮೂರನೆಯ ಒಂದು ಭಾಗವೂ ಆಗಲಿಲ್ಲ. ಶುರುಮಾಡುವಾಗ ಎರಡು ವರ್ಷ ಎಂದು ಮನೆಯಲ್ಲಿ ಹೇಳಿದ್ದೆ, ಹಿಡಿದದ್ದು ನಾಲ್ಕು. ಹೂಡಿಕೆ ಎಂದುಕೊಂಡು ಇದಕ್ಕೆ ಇಳಿಯಬೇಡಿ. ಬೇರೆಯವರು ಮುಗಿಸಿದ ಗಾಡಿಯನ್ನು ಕೊಳ್ಳುವುದು ಬಹುತೇಕ ಯಾವಾಗಲೂ ಅಗ್ಗ.

ಇಂಥ ಗಾಡಿಯನ್ನು ಕರ್ನಾಟಕಕ್ಕೆ ಒಯ್ಯಬಹುದೇ, ಅಲ್ಲೇ ಹೀಗೆ ಮಾಡಿಸಬಹುದೇ?

ಶೆವರ್ಲೆ ನಮ್ಮವರಿಗೆ ಹೊಸದಲ್ಲ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯ ಸೆವ್ರಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ಆದರೆ ಭಾರತದ ಕಾನೂನು ಈ ಹವ್ಯಾಸಕ್ಕೆ ಅಮೆರಿಕದಷ್ಟು ಸಡಿಲವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಕ್ಕೂ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. 2021ರ ನಿಯಮಗಳಡಿ ಐವತ್ತು ವರ್ಷ ಮೀರಿದ ಖಾಸಗಿ ಬಳಕೆಯ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಇದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆಂಬುದು ಅದರ ಷರತ್ತು. ಅಂದರೆ ಎಲ್‌ಎಸ್ ಹಾಕಿದ ಗಾಡಿ ಅಲ್ಲಿ ವಿಂಟೇಜ್ ಎನಿಸಿಕೊಳ್ಳುವುದಿಲ್ಲ. ಪಿಕಪ್ ಸರಕುಸಾಗಣೆಯ ವಾಹನವಾದ್ದರಿಂದ ಆರ್‌ಟಿಒ ಅದನ್ನು ಯಾವ ವರ್ಗದಲ್ಲಿ ನೋಡುತ್ತದೆ ಎಂಬುದನ್ನು ಹಡಗಿಗೆ ಏರಿಸುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳಬೇಕು. ಹಿಂದಕ್ಕೆ ತರಬಹುದಾದ ಬದಲಾವಣೆಗಳನ್ನಷ್ಟೇ ಮಾಡಿದವರು ಮೂಲೆಯಲ್ಲಿಟ್ಟ ಹಳೆಯ ಎಂಜಿನ್ನನ್ನು ಆಗ ನೆನೆಯುತ್ತಾರೆ.

ಕೆಲಸ ಮುಗಿದ ಮೇಲೆ ಮೊದಲ ಓಡಾಟ ಹೇಗಿರಬೇಕು?

ಮನೆಯ ಸುತ್ತಲಿನ ಬೀದಿಗಳಲ್ಲಿ, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು, ಮೊಬೈಲು ಹಿಡಿದ ಗೆಳೆಯರೊಬ್ಬರನ್ನು ಹಿಂದೆ ಇನ್ನೊಂದು ಕಾರಿನಲ್ಲಿ ಬರಹೇಳಿ. ಮೊದಲ ದಿನ ಹತ್ತು ಮೈಲಿಗಿಂತ ಹೆಚ್ಚು ಬೇಡ. ಮರಳಿ ಬಂದು ಎಂಜಿನ್ ಬಿಸಿಯಿರುವಾಗಲೇ ಕೆಳಗೆ ಒಂದು ಅಗಲ ರಟ್ಟು ಹಾಸಿಡಿ, ಬೆಳಗ್ಗೆ ರಟ್ಟಿನ ಮೇಲೆ ಎಲ್ಲಿ ಕಲೆ ಬಿದ್ದಿದೆಯೋ ಅದೇ ಮುಂದಿನ ಕೆಲಸದ ಪಟ್ಟಿ. ಐವತ್ತು ಮೈಲಿಯಾದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಗೊಳಿಸಿ, ಬ್ರೇಕಿನ ಎಣ್ಣೆಯ ಮಟ್ಟ ನೋಡಿ. ಐನೂರು ಮೈಲಿಯಾದ ಮೇಲೆ ಎಂಜಿನ್ ಎಣ್ಣೆ ಬದಲಿಸಿ, ಆಕ್ಸಲಿನ ಬೋಲ್ಟು, ಸ್ಟೀರಿಂಗ್ ಪೆಟ್ಟಿಗೆಯ ಬೋಲ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ಪರೀಕ್ಷಿಸಿ. ನನ್ನದರಲ್ಲಿ ಸ್ಟೀರಿಂಗ್ ಪೆಟ್ಟಿಗೆಯ ಮೂರು ಬೋಲ್ಟುಗಳಲ್ಲಿ ಒಂದು ಅರ್ಧ ಸುತ್ತು ಸಡಿಲವಾಗಿತ್ತು.